ಫರಸಿ ದಿಬ್ಬದ ಮೇಲೆ ಕಡಲ ಬಳ್ಳಿ

ಶಹಾಬಾದಿನ ನಮ್ಮ ಹಿತ್ತಲಿಗೆ ತಾಗಿ ಒಂದು ಬಿಳಿ ದಿಬ್ಬವಿದೆ. ಪಕ್ಕದಲ್ಲಿದ್ದ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆ ಎಂದೋ ಮುಚ್ಚಿಹೋಯಿತು, ಕಲ್ಲು ಉಜ್ಜಿದ ಅದರ ರಾಡಿ ಮಾತ್ರ ಒಣಗಿ ಈ ದಿಬ್ಬವಾಗಿ ಉಳಿಯಿತು. ಗಾಳಿ ಎದ್ದರೆ ಆ ಪುಡಿ ನಮ್ಮ ಅನ್ನದ ಮೇಲೆ, ದೇವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮಡಿ ಸೀರೆಯ ಮೇಲೆ ಬಂದು ಕೂಡುತ್ತಿತ್ತು.

ಮಡಿ ಸೀರೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅತ್ತೆಯೇ ಹಿಂಡಿ, ಕೋಲಿನಿಂದ ಎತ್ತರದ ಗಳಕ್ಕೆ ಹಾಕಿ, ಕೋಲಿನಿಂದಲೇ ಇಳಿಸಬೇಕು. ನನ್ನ ಕಣ್ಣೆದುರೇ ಪುಡಿ ಕೂಡುತ್ತಿದ್ದರೂ ಝಾಡಿಸಲು ಕೈ ಹಾಕುವಂತಿರಲಿಲ್ಲ. ಅತ್ತೆ ಸೀರೆಯ ಮೇಲೆ ಬೆರಳಾಡಿಸುವರು, ಬೆರಳು ಬೆಳ್ಳಗಾಗುವುದು, ಮತ್ತೆ ಒಗೆಯುವರು. ಪೂಜೆ ಮಧ್ಯಾಹ್ನ ದಾಟುತ್ತಿತ್ತು, ಅಲ್ಲಿಯವರೆಗೆ ಅವರ ಹೊಟ್ಟೆಗೆ ಏನೂ ಇಲ್ಲ.

ಒಂದು ದಿನ ಹೇಳಿಯೇ ಬಿಟ್ಟರು. "ನಾ ಸೇಡಂಗ ಮಗಳ ಮನೀಗೆ ಹೋಗಿ ಇದ್ದುಬಿಡ್ತೀನಿ. ದೇವರ ಪೆಟ್ಟಿಗೀನೂ ಒಯ್ತೀನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಆ ದಿಬ್ಬದ ಮೇಲೆ. ಸಾರಿನ ಉಪ್ಪಿನಿಂದ ಹಿಡಿದು ಏಕಾದಶಿಯ ಲೆಕ್ಕದವರೆಗೆ ಈ ಹೆಂಗಸಿನ ಜೊತೆ ಜಗಳಾಡುತ್ತಲೇ ನಾನು ಸಂಸಾರ ಕಲಿತವಳು. ಅವರಿಲ್ಲದ ಅಡುಗೆಮನೆ ನನಗೆ ಬೇಡವೇ ಬೇಡ.

ಆ ಚಳಿಗಾಲ ನಾನು, ಅತ್ತೆ ಇಬ್ಬರೂ ಉಡುಪಿಗೆ ಹೋದೆವು. ದರ್ಶನ ಮುಗಿಸಿ ಕಡಲ ದಂಡೆಗೆ ಹೋದಾಗ ಅಲ್ಲಿನ ಮರಳ ದಿಬ್ಬಗಳನ್ನು ಒಂದು ಬಳ್ಳಿ ಬಿಗಿಯಾಗಿ ಹೊದ್ದುಕೊಂಡಿತ್ತು. ಮೇಕೆಯ ಗೊರಸಿನಂಥ ಎಲೆ, ನೇರಳೆ ಹೂ. ಅಂಥ ಗಾಳಿಯಲ್ಲೂ ಅದರ ಕೆಳಗಿನ ಮರಳು ಕದಲುತ್ತಿರಲಿಲ್ಲ. ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಅದು ಅಡುಂಬು ಬಳ್ಳಿ ಎಂದು ಹೇಳಿ ನಾಲ್ಕಾರು ತುಂಡು ಮುರಿದುಕೊಟ್ಟಳು. ನಮ್ಮ ದಿಬ್ಬಕ್ಕೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಉಡುಪಿಯಿಂದ ಜನ ಪ್ರಸಾದ ತರುತ್ತಾರೆ, ನೀನು ಕಸ ತಂದೆ ಎಂದು ಗಂಡ ನಕ್ಕರು.

ನಮ್ಮ ಕಡೆಯವರಿಗೆ ಗಿಡವೆಂದರೆ ಎರೆಮಣ್ಣು. ದಿಬ್ಬದ ಬುಡದಲ್ಲಿ ಗುಂಡಿ ತೋಡಿ, ಎರೆಮಣ್ಣು, ಸಗಣಿ ಗೊಬ್ಬರ ತುಂಬಿ, ಎರಡು ಹೊತ್ತು ನೀರುಣಿಸಿದೆ. ಬಸುರಿಯನ್ನೂ ಅಷ್ಟು ಉಪಚರಿಸಿರಲಿಕ್ಕಿಲ್ಲ. ಎಲ್ಲವೂ ಬುಡದಿಂದ ಕೊಳೆತವು. ಮಣ್ಣು ಸಾಲದೆ ಬರೀ ಮರಳಿನ ಡಬ್ಬಿಯಲ್ಲಿ ಊರಿದ್ದ ಒಂದು ತುಂಡು ಮಾತ್ರ ಚಿಗುರಿ ನಿಂತಿತ್ತು.

"ಸಮುದ್ರದ ಕೂಸಿಗೆ ಎರಿಮಣ್ಣು ತಿನಸಿದ್ರ ಇನ್ನೇನಾಗ್ತದ? ಬಿಟ್ಟುಬಿಡು" ಅಂದರು ಅತ್ತೆ.

"ಬಿಡಂಗಿಲ್ರೀ ಅತ್ತಿ. ಇನ್ನೊಂದು ಸಲ ನೋಡ್ತೀನಿ."

ಆ ಒಂದರಿಂದಲೇ ತುಂಡುಗಳನ್ನು ಮಾಡಿಕೊಂಡೆ. ಈ ಸಲ ದಿಬ್ಬದ ಮೇಲೇ ಹತ್ತಿದೆ. ಗಟ್ಟಿಯಾದ ಪದರವನ್ನು ಕಬ್ಬಿಣದ ಹಾರಿಯಿಂದ ಒಡೆದು, ನೀರು ಇಳಿದುಹೋಗಲೆಂದು ಫರಸಿ ಚೂರು ತುಂಬಿ, ಮೇಲೆ ಮರಳು ಹಾಕಿ ಬಳ್ಳಿ ಮಲಗಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಹೊತ್ತು ಹತ್ತುವಾಗ ಎದುರು ಮನೆಯವರು ನಗುತ್ತಿದ್ದರು. ನಗಲಿ ಎಂದುಕೊಂಡೆ. ಒಂದು ದಿನ ಅತ್ತೆ ಉಪ್ಪಿನಕಾಯಿ ಭರಣಿ ತೊಳೆದ ನೀರು ಹಿಡಿದು ಬಂದರು. "ಇದು ತುಳಸಿಗೆ ಆಗೂದಿಲ್ಲ. ನಿನ್ನ ಬಳ್ಳಿಗಾದ್ರೂ ಹಾಕು."

ಮಳೆಗಾಲ ಮುಗಿಯುವ ಹೊತ್ತಿಗೆ ದಿಬ್ಬದ ನಮ್ಮ ಕಡೆಯ ಇಳಿಜಾರು ಹಸಿರಾಗಿ ಹೂ ಬಿಟ್ಟಿತ್ತು. ನಮ್ಮ ಕಡೆ ಯಾರೂ ಏರಿಸದ ಹೂ ದೇವರಿಗೆ ಹೇಗೆ ಎಂದು ನಾನು ಅನುಮಾನಿಸಿದರೆ, "ಸಮುದ್ರ ಅಂದ್ರ ಲಕ್ಷ್ಮೀ ತವರಮನಿ. ತವರಿನ ಹೂ ಯಾರಿಗೆ ಬ್ಯಾಡ?" ಎಂದು ಅತ್ತೆಯೇ ಕಿತ್ತು ಏರಿಸಿದರು. ಆದರೆ ಆಚೆ ಬದಿ ಇನ್ನೂ ಬೋಳಾಗಿತ್ತು, ಪುಡಿ ಕಡಿಮೆಯಾಗಿತ್ತೇ ಹೊರತು ನಿಂತಿರಲಿಲ್ಲ.

ದೀಪಾವಳಿ ಕಳೆದ ಮೇಲೆ, ಮಾತಾಗಿದ್ದಂತೆ, ಅತ್ತೆಯನ್ನು ಕರೆದೊಯ್ಯಲು ಸೇಡಂನಿಂದ ನಾದಿನಿ ಕಾರು ತಗೊಂಡು ಬಂದಳು. ದೇವರ ಪೆಟ್ಟಿಗೆ ಪಡಸಾಲೆಯಲ್ಲಿತ್ತು. ಅತ್ತೆ ಹಿತ್ತಲಿಗೆ ಹೋಗಿ ಕೋಲಿನಿಂದ ಸೀರೆ ಇಳಿಸಿ, ಎಂದಿನಂತೆ ಬೆರಳಾಡಿಸಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೆರಳಿಗೆ ಬಿಳಿ ಹತ್ತಿತ್ತು, ತುಸುವೇ, ಆದರೂ ನನಗೆ ಕಾಣಿಸಿತು.

ಅತ್ತೆ ಬೆರಳನ್ನು ಉಟ್ಟ ಸೀರೆಗೆ ಒರೆಸಿಕೊಂಡರು.

"ನೀ ಉಂಡು ಹೋಗವ್ವ" ಅಂದರು ಮಗಳಿಗೆ. "ನನ್ನ ಸೀರಿ ಇಲ್ಲಿ ಸ್ವಚ್ಛ ಒಣಗ್ಲಿಕತ್ತದ." ಆಮೇಲೆ ನನ್ನ ಕಡೆ ನೋಡಿದರು. "ನೀ ಏನು ನಿಂತೀ? ಹಾರಿ ತಗೊಂಡು ನಡಿ. ಆಚಿ ಕಡೀಗೆ ಹಚ್ಚೂದು ಬಾಕಿ ಅದ."