ಎಡಗಡೆ ಚಕ್ರದ ಕುಂಕುಮ

ಮೊಮ್ಮಗಳ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಹೊಸ ಸ್ಪ್ರಿಂಗಿನದ್ದೂ ಅಲ್ಲ, ರಸ್ತೆಯದ್ದೂ ಅಲ್ಲ. ಆ ಕಾರು ಆಯನೂರಿನ ಹತ್ತಿರ ಚರಂಡಿಗೆ ಬಿದ್ದದ್ದು ನಾನು ಹಚ್ಚಿದ ಕುಂಕುಮದಿಂದ. ಗ್ರಹಚಾರ, ದೃಷ್ಟಿ ಅಂತ ಬೀದಿಯವರು ಏನೇನೋ ಹೇಳಿದರು. ಹೇಳಲಿ. ನಡೆದದ್ದು ಇದು.

ನಮ್ಮದು ಭದ್ರಾವತಿಯ ಓಲ್ಡ್ ಟೌನು. ಮನೆಗೆ ಅಂಟಿಕೊಂಡೇ ಒಂದು ಶೆಡ್ಡಿದೆ. ಈಗ ಅದರಲ್ಲಿ ಮಗನ ಲೇತು ಇದೆ, ಮೊದಲು ನನ್ನ ಹಿಟ್ಟಿನ ಗಿರಣಿ ಇತ್ತು. ಯಜಮಾನರು ಬೇಗ ಹೋದರು. ಮೂವತ್ತು ವರ್ಷ ಗಿರಣಿ ನಡೆಸಿದವಳು ನಾನೇ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಯಂತ್ರದ ಸದ್ದು ನನಗೆ ಗೊತ್ತು. ಬೆಲ್ಟು ಸಡಿಲವಾದರೆ ಒಂದು ಸದ್ದು, ಕಲ್ಲು ಸವೆದರೆ ಇನ್ನೊಂದು, ನಟ್ಟು ಬಿಚ್ಚಿಕೊಳ್ಳುತ್ತಿದ್ದರೆ ಬೇರೆಯೇ ಒಂದು. ಜೋಳ ಬೀಸಲು ಬಂದವರ ಜೊತೆ ಮಾತಾಡುತ್ತಲೇ ಒಂದು ಕಿವಿ ಅಲ್ಲಿಟ್ಟಿರುತ್ತಿದ್ದೆ.

ಮಗನಿಗೆ ಒಬ್ಬಳೇ ಮಗಳು. ಡಿಪ್ಲೊಮಾ ಮುಗಿಸಿ ಅಪ್ಪನ ಶೆಡ್ಡಿಗೇ ಇಳಿದಳು. ಹೆಣ್ಣುಹುಡುಗಿ ಮಸಿ ಬಳಿದುಕೊಂಡು ಗಾಡಿ ಕೆಳಗೆ ಮಲಗೋದಾ ಅಂತ ಆಡಿಕೊಂಡವರಿದ್ದರು. ಮಗನಿಗೆ ಒಳಗೊಳಗೇ ಹಿಗ್ಗು. ದಸರಾ ಕಳೆದ ಮೇಲೆ ಶೆಡ್ಡಿನ ಬೋರ್ಡಿನಲ್ಲಿ ಅವಳ ಹೆಸರನ್ನೂ ಬರೆಸುತ್ತೇನೆ ಎಂದಿದ್ದ. ಒಂದೇ ಷರತ್ತು. ಅದಕ್ಕೆ ಮೊದಲು ಒಂದು ದೊಡ್ಡ ಕೆಲಸವನ್ನು ಅವಳು ಶುರುವಿನಿಂದ ಕೊನೆಯವರೆಗೆ ತನ್ನ ಕೈಯಲ್ಲೇ ಮುಗಿಸಿ ತೋರಿಸಬೇಕು. ಆ ಕೆಲಸ ಅಂದರೆ ಆ ಕಾರು.

ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಚಿಕ್ಕಮಗಳೂರಿನ ಕಡೆ ಯಾರದೋ ತೋಟದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತು ಧೂಳು ಕುಡಿದದ್ದನ್ನು ಮಗ ಲಾರಿಗೆ ಹೇರಿಸಿ ತಂದ. ಇಬ್ಬರು ಕೂರುವುದಕ್ಕೆ ಇಷ್ಟುದ್ದದ ಮೂತಿ ಯಾಕೆ ಅಂತ ಕೇಳಿದೆ. ಮೊಮ್ಮಗಳು ನಕ್ಕಳು. ಎಂಜಿನ್ ಚೆನ್ನಾಗಿತ್ತು, ಕಾಲೇ ಇರಲಿಲ್ಲ. ನಾಲ್ಕೂ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿ ಹೋಗಿತ್ತು. ಹಂಪ್ ದಾಟಿದರೆ ತುಂಬು ಗಬ್ಬದ ಎಮ್ಮೆಯ ಹಾಗೆ ಎರಡು ಮೂರು ಸಲ ತೂಗಾಡಿ ನಿಲ್ಲುತ್ತಿತ್ತು. ಹಳೆಯದಕ್ಕೆ ತೇಪೆ ಹಾಕುವ ಬದಲು ಹೊಸ ಶಾಕು, ಗಿಡ್ಡನೆಯ ಗಟ್ಟಿ ಸ್ಪ್ರಿಂಗು ಹಾಕಿದರೆ ಕಾರು ನೆಲಕ್ಕೆ ಕಚ್ಚಿಕೊಂಡು ಓಡುತ್ತದೆ ಅಂತ ಮೊಮ್ಮಗಳು ಲೆಕ್ಕ ಹಾಕಿದಳು. ಸಾಮಾನು ಪಾರ್ಸಲ್ಲಿನಲ್ಲಿ ಬಂತು. ಅಪ್ಪ ಮಗಳು ಶೆಡ್ಡಿನಲ್ಲೇ ಕೂಡಿಸಲು ಕೂತರು.

ನಾನು ಹೆದರಿದ್ದು ಸ್ಪ್ರಿಂಗಿಗೆ. ಅದನ್ನು ಬಿಚ್ಚುವ ಮೊದಲು ಅದುಮಿ ಹಿಡಿಯಬೇಕು. ಮಗ ಲೇತಿನಲ್ಲಿ ತಾನೇ ಎರಡು ಉದ್ದ ಬೋಲ್ಟು ತಿರುವಿ, ತುದಿಗೆ ಕೊಕ್ಕೆ ಬೆಸೆದು ಕೊಟ್ಟಿದ್ದ. ಮೊಮ್ಮಗಳು ಒಮ್ಮೆ ಆ ಬೋಲ್ಟು, ಒಮ್ಮೆ ಈ ಬೋಲ್ಟು ಅಂತ ಬಿಗಿಯುತ್ತಾ ಹೋದ ಹಾಗೆ ಸ್ಪ್ರಿಂಗು ಕಿರ್ ಅನ್ನುತ್ತಾ ಕುಗ್ಗುತ್ತಿತ್ತು. ಕೊಕ್ಕೆ ಜಾರಿದರೆ ಎದುರಿಗಿದ್ದವರ ತಲೆ ಉಳಿಯಲ್ಲ ಅಂತ ಮಗ ಮೊದಲೇ ಹೇಳಿದ್ದ. ನಾನು ಅಲ್ಲೇ ಮಣೆ ಹಾಕಿಕೊಂಡು ಕೂತಿದ್ದೆ.

"ಅಜ್ಜಿ, ಆ ಕಡೆ ಹೋಗಿ ಕೂತ್ಕೊ. ಇದು ಹಾರಿದ್ರೆ ನಿನ್ನ ಗಣಾರಾಧನೆಗೆ ನಾನೇ ಅಡುಗೆ ಮಾಡ್ಬೇಕಾಗುತ್ತೆ."

"ನೀನು ಅಡುಗೆ ಮಾಡ್ತೀಯ ಅಂದ್ರೆ ಊಟಕ್ಕೆ ಯಾರೂ ಬರಲ್ಲ ಮಾರಾಯ್ತಿ" ಅಂದೆ. ಆದರೂ ಎದ್ದು ಆ ಕಡೆ ಹೋದೆ. ಸ್ಪ್ರಿಂಗು ಹಾರಲಿಲ್ಲ. ಅವಳು ಮಾಡಿದ ಯಾವ ಕೆಲಸದಲ್ಲೂ ಏನೂ ಹಾರಲಿಲ್ಲ. ಹಿಂದಿನ ಎರಡು ಚಕ್ರದ ಕೆಲಸ ಹಬ್ಬಕ್ಕೆ ವಾರ ಇರುವಾಗಲೇ ಮುಗಿಯಿತು.

ಅವರಿಬ್ಬರಲ್ಲಿ ಒಂದು ಕಟ್ಟಳೆ ಇತ್ತು. ಮೊದಲು ಎಲ್ಲ ನಟ್ಟನ್ನೂ ಬೆರಳಲ್ಲೇ ತಿರುಗಿಸಿ ಕೂರಿಸುವುದು. ಆಮೇಲೆ ಕೆಳಗಿಂದ ಜಾಕಿ ಕೊಟ್ಟು, ಕಾರಿನ ಭಾರ ಬಿದ್ದ ಹಾಗೆ ಮಾಡಿ, ಸ್ಪ್ಯಾನರಿನಿಂದ ಒಂದೊಂದನ್ನೇ ಗಟ್ಟಿ ಮಾಡುವುದು. ಯಾವುದು ಗಟ್ಟಿಯಾಯಿತೋ ಅದರ ಮೇಲೆ ಮೊಮ್ಮಗಳು ತನ್ನ ಕೆಂಪು ನೈಲ್ ಪಾಲಿಶಿನಿಂದ ಒಂದು ಗೀಟು ಎಳೆಯುವುದು. ಗೀಟು ಬಿದ್ದ ನಟ್ಟಿಗೆ ಮತ್ತೆ ಯಾರೂ ಸ್ಪ್ಯಾನರ್ ಹಾಕುವ ಹಾಗಿಲ್ಲ. ಮೇಲಿಂದ ಮೇಲೆ ಬಿಗಿದರೆ ಥ್ರೆಡ್ಡು ಕಿತ್ತುಹೋಗುತ್ತದಂತೆ. ಆದಾಯಿತಾ, ಬಾಕಿ ಇದೆಯಾ ಅಂತ ಒಬ್ಬರನ್ನೊಬ್ಬರು ಕೇಳುವ ಗೋಜೇ ಇಲ್ಲ, ಗೀಟು ನೋಡಿದರೆ ಸಾಕು. ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ, ಆಸ್ಪತ್ರೆಯಲ್ಲಿ. ಆಗ ನನಗೆ ಕಂಡದ್ದು ಇಷ್ಟೇ. ಹುಡುಗಿ ಕಬ್ಬಿಣಕ್ಕೆ ಕೆಂಪು ಹಚ್ಚುತ್ತಾಳೆ. ಹಬ್ಬ ಹತ್ತಿರ ಬಂತು, ಹಚ್ಚಲಿ ಅಂದುಕೊಂಡೆ.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಮುಂದಿನ ಬಲಗಡೆ ಚಕ್ರದ ಹಿಂದೆ ಶಾಕನ್ನು ಹಿಡಿದಿಡುವ ಮೂರು ನಟ್ಟುಗಳು ಗಟ್ಟಿಯಾದವು, ಗೀಟೂ ಬಿತ್ತು. ಎಡಗಡೆಯವನ್ನು ಬೆರಳಲ್ಲಿ ಕೂರಿಸುವ ಹೊತ್ತಿಗೆ ಸೊಸೆ ಬಂದು, ಹಬ್ಬದ ಸಾಮಾನಿಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಬೇಕು, ಬಸ್ಸು ತಪ್ಪುತ್ತದೆ, ಕೈ ತೊಳಿ ಅಂತ ಮಗಳನ್ನು ಎಬ್ಬಿಸಿದಳು. ಹೊರಡುವಾಗ ಅವಳು ಎಡಗಡೆ ಬಾಕಿ ಇದೆ ಅಂತ ಅಪ್ಪನಿಗೆ ಹೇಳಿಯೇ ಹೋದಳು. ನಾನು ಕಿವಿಯಾರೆ ಕೇಳಿದ್ದೇನೆ. ಮಗ ಲೇತು ತೊಳೆಯುತ್ತಿದ್ದ, ನಾಳೆ ಬೆಳಗ್ಗೆ ನಾನು ನೋಡ್ಕೋತೀನಿ ಅಂದ.

ಮಾರನೇ ಬೆಳಗ್ಗೆ ಅವನಿಗಿಂತ ಮೊದಲು ಶೆಡ್ಡಿಗೆ ಹೋದವಳು ನಾನು.

ಗಂಡ ಹೋದಮೇಲೆ ನನ್ನ ಹಣೆಗೆ ವಿಭೂತಿ ಮಾತ್ರ. ಆದರೆ ಗಿರಣಿಗೆ ಪ್ರತಿ ವರ್ಷ ಕುಂಕುಮ ಹಚ್ಚಿದ್ದು ನನ್ನ ಕೈಯೇ. ಯಾರಾದರೂ ಮೂಗು ಮುರಿದರೆ, ಯಂತ್ರಕ್ಕೆ ಗಂಡನ ಲೆಕ್ಕ ಇಲ್ಲ ಅಂತಿದ್ದೆ. ಉದುರದಿರಲಿ ಅಂತ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುವುದು ನನ್ನ ಪದ್ಧತಿ. ಆವತ್ತೂ ಹಾಗೇ ಬಟ್ಟಲಲ್ಲಿ ಕಲಸಿಕೊಂಡು ಲೇತಿಗೆ ಹಚ್ಚಿದೆ, ಡ್ರಿಲ್ಲಿಗೆ ಹಚ್ಚಿದೆ, ಕಾರಿನ ಹತ್ತಿರ ಬಂದೆ. ಕಾರು ಸ್ಟ್ಯಾಂಡಿನ ಮೇಲಿತ್ತು, ಮುಂದಿನ ಚಕ್ರ ಎರಡೂ ಬಿಚ್ಚಿದ್ದವು. ಮಣೆ ಹಾಕಿ ಕೂತರೆ ನಟ್ಟುಗಳೆಲ್ಲ ಮುಖದ ಎದುರಿಗೇ. ಬಲಗಡೆ ಮೂರಕ್ಕೂ ಕೆಂಪು ಗೀಟು ಇತ್ತು. ಎಡಗಡೆ ಮೂರೂ ಬೋಳು.

ಆ ಕಡೆಗೆ ಹಚ್ಚಿ ಈ ಕಡೆಗೆ ಬಿಟ್ಟಿದ್ದಾಳೆ, ಬಸ್ಸಿನ ಅವಸರ ಅಂದುಕೊಂಡೆ. ಸಾಲಾಗಿ ಕೂತ ಹೆಂಗಸರಿಗೆ ಕುಂಕುಮ ಕೊಡುವಾಗ ಮೂವರನ್ನು ಬಿಟ್ಟು ಎದ್ದು ಹೋಗುತ್ತೀವಾ? ಬೆರಳಲ್ಲಿ ಬೊಟ್ಟು ಇಟ್ಟರೆ ಬಲಗಡೆಯದಕ್ಕೂ ಇದಕ್ಕೂ ಹೊಂದುವುದಿಲ್ಲ ಅಂತ ಊದುಬತ್ತಿಯ ಕಡ್ಡಿ ತಂದು, ಅವಳು ಎಳೆದ ಹಾಗೇ ನೆಟ್ಟಗೆ ಮೂರು ಗೀಟು ಎಳೆದೆ. ಕೈ ನಡುಗದ ಹಾಗೆ ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡಿದುಕೊಂಡಿದ್ದೆ. ಚೆನ್ನಾಗಿ ಬಂತು ಅಂತ ಖುಷಿಯೂ ಆಯಿತು.

ನಾನು ಒಳಗೆ ಹೋಗಿ ಹೂವು ಕಟ್ಟುತ್ತಿರುವಾಗ ಮಗ ಬಂದ. ಬಗ್ಗಿ ನೋಡಿದ. ಆರಕ್ಕೂ ಗೀಟು. ಹುಡುಗಿ ರಾತ್ರಿ ಪೇಟೆಯಿಂದ ಬಂದಮೇಲೆ ತಾನೇ ಮುಗಿಸಿದ್ದಾಳೆ ಅಂದುಕೊಂಡು ಚಕ್ರ ಹಾಕಿ ಕಾರು ಇಳಿಸಿಬಿಟ್ಟ. ಸ್ನಾನ ಮಾಡಿ ಬಂದ ಮೊಮ್ಮಗಳು ಚಕ್ರ ಹಾಕಿದ್ದು ನೋಡಿದಳು. ಅಪ್ಪ ಬಾಕಿ ಮುಗಿಸಿದ್ದಾರೆ ಅಂದುಕೊಂಡಳು. ಸ್ಪ್ಯಾನರುಗಳೆಲ್ಲ ತೊಳೆದು ಮಣೆಯ ಮೇಲೆ ಸಾಲಾಗಿ ಮಲಗಿದವು. ಒಂದು ಸಲ ಪೂಜೆಗೆ ಇಟ್ಟಮೇಲೆ ಮಾರನೇ ದಿನದವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

ಬೂದುಗುಂಬಳ ಒಡೆದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರನ್ನು ಒಂದು ಗೇಣು ಮುಂದೆ ಬಿಟ್ಟಾಗ ಮುಂದಿನ ಎಡಗಡೆಯದು ಮಾತ್ರ ಒಡೆಯದೆ ಪಕ್ಕಕ್ಕೆ ಚಿಮ್ಮಿತು. ಸೊಸೆ ಮುಖ ಸಣ್ಣ ಮಾಡಿಕೊಂಡಳು. ಹಣ್ಣು ಕಾಯಿ ಇತ್ತು ಕಣೇ ಅಂತ ಬೈದೆ. ಈಗಲೂ ಅಷ್ಟೇ ಹೇಳುತ್ತೇನೆ, ಹಣ್ಣು ಕಾಯಿ ಇತ್ತು. ಕೆಡುಕು ಇದ್ದದ್ದು ಅದರ ಮೇಲಿನ ನಟ್ಟಿನಲ್ಲಿ.

ವಿಜಯದಶಮಿ ದಿನ ಬನ್ನಿ ಕೊಡಲು ಆಯನೂರಿನ ನನ್ನ ತಂಗಿ ಮನೆಗೆ ಹೋಗುವುದು ರೂಢಿ. ಈ ಸಲ ಹೊಸ ಕಾಲಿನ ಕಾರಿನಲ್ಲಿ, ಮೊಮ್ಮಗಳ ಜೊತೆ. ಸ್ಪ್ಯಾನರುಗಳು ಇನ್ನೂ ಹೂವಿನ ಕೆಳಗೇ ಇದ್ದವು. ಬಂದಮೇಲೆ ಬೋರ್ಡು ಬರೆಯುವವನಿಗೆ ಫೋನು ಮಾಡೋಣ ಅಂತ ಮಗ ಗೇಟಿನಲ್ಲಿ ನಿಂತು ಹೇಳಿದ. ಹುಡುಗಿಯ ಮುಖ ನೋಡಬೇಕಿತ್ತು.

ಓಲ್ಡ್ ಟೌನ್ ದಾಟುವ ಮೊದಲೇ ನನಗೆ ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ನನ್ನ ಕಾಲಿನ ಕೆಳಗೇ, ಎಡಗಡೆ.

ಏನದು ಅಂತ ಕೇಳಿದೆ. ಹೊಸ ಸ್ಪ್ರಿಂಗು, ಕೂತುಕೊಳ್ಳುವ ತನಕ ಸ್ವಲ್ಪ ಮಾತಾಡುತ್ತದೆ ಅಂದಳು. ಹಿಂದಿನವು ಮಾತಾಡಿರಲಿಲ್ಲವಲ್ಲ ಅಂದೆ. ಅವಳು ಶಿವಮೊಗ್ಗದ ಹೊರಗೆ ಒಂದು ಮರದ ಕೆಳಗೆ ನಿಲ್ಲಿಸಿ, ಇಳಿದು, ಚಕ್ರದ ಹಿಂದೆ ಮೊಬೈಲ್ ಬೆಳಕು ಬಿಟ್ಟು ನೋಡಿದಳು. "ಗೀಟು ಇದೆ ಅಜ್ಜಿ, ಟೈಟಾಗೇ ಇದೆ" ಅಂದಳು. ನೋಡಬೇಕಾದ್ದನ್ನು ನೋಡಿದಳು ಹುಡುಗಿ. ಗೀಟೇ ಸುಳ್ಳು ಹೇಳಿತು. ಅವಳು ಹೇಳಿದ ಗೀಟು ನಾನು ಎಳೆದದ್ದೇ ಅಂತ ನನಗಾಗ ಹೊಳೆಯಲಿಲ್ಲ.

ಸಾಗರ ರಸ್ತೆಗೆ ಬಿದ್ದಮೇಲೆ ಸದ್ದು ಹತ್ತಿರ ಹತ್ತಿರವಾಯಿತು. ಟಕ್ ಟಕ್ ಟಕ್. ಆಮೇಲೆ ನಿಂತೇ ಹೋಯಿತು.

"ನೋಡಿದ್ಯಾ, ಕೂತ್ಕೊಂಡ್ತು" ಅಂದಳು.

ಗಿರಣಿಯಲ್ಲಿ ಹೀಗೇ ಒಂದು ಸಲ ಬೆಳಗ್ಗಿನಿಂದ ಬಡಿದುಕೊಳ್ಳುತ್ತಿದ್ದ ಸದ್ದು ತಟ್ಟನೆ ನಿಂತಿತ್ತು. ಸರಿಹೋಯಿತು ಅಂತ ನಾನು ಅಕ್ಕಿ ಸುರಿದೆ. ಒಂದು ನಿಮಿಷಕ್ಕೆ ದೊಡ್ಡ ಗಾಲಿ ಕಿತ್ತುಕೊಂಡು ಹೋಗಿ ಎದುರಿನ ಗೋಡೆಗೆ ಬಡಿಯಿತು. ಆಗಷ್ಟೇ ಅಲ್ಲಿಂದ ಒಬ್ಬ ಹೆಂಗಸು ಚೀಲ ಎತ್ತಿಕೊಂಡು ಹೊರಟಿದ್ದಳು. ಸಡಿಲ ನಟ್ಟು ಇರುವವರೆಗೆ ಬಡಿದುಕೊಳ್ಳುತ್ತದೆ. ಬಡಿತ ನಿಂತರೆ ಅದು ಉದುರಿದೆ ಅಂತ.

"ನಿಲ್ಸು" ಅಂದೆ. "ಈಗಲೇ ನಿಲ್ಸು."

ಅವಳು ಬ್ರೇಕಿಗೆ ಕಾಲು ಕೊಟ್ಟಳು. ಎಡಗಡೆ ಮೂಲೆ ಧಡ್ ಅಂತ ಕುಸಿಯಿತು. ಟೈರು ಎಲ್ಲೋ ಉಜ್ಜಿ ಕೂಗಿತು, ಕಾರು ತಲೆ ತಿರುಗಿಸಿತು. ಎದುರಿಗೆ ಬಸ್ಸು ಬರುತ್ತಿತ್ತು. ಹುಡುಗಿ ಸ್ಟೇರಿಂಗನ್ನು ಬಿಡಲಿಲ್ಲ. ಹಲ್ಲು ಕಚ್ಚಿ ಚರಂಡಿಯ ಕಡೆಗೇ ಹಿಡಿದಳು. ಬಿಟ್ಟಿದ್ದರೆ ಕೈ ಉಳಿಯುತ್ತಿತ್ತು, ನಾವಿಬ್ಬರೂ ಉಳಿಯುತ್ತಿರಲಿಲ್ಲ. ನನಗೆ ಹಣೆ ಊದಿತು, ಮಂಡಿ ಚಿಪ್ಪು ನೋಯಿತು, ಅಷ್ಟೇ. ಅವಳ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು.

ಶಿವಮೊಗ್ಗದ ಆಸ್ಪತ್ರೆಗೆ ಮಗ ಬಂದದ್ದು ಸಂಜೆ, ಕಾರನ್ನು ಎಳೆಸಿ ಶೆಡ್ಡಿಗೆ ಹಾಕಿಸಿ. ಮಗಳ ಕಟ್ಟು ಹಾಕಿದ ಕೈ ನೋಡಿದ, ನೀರು ಕುಡಿದ. ಆಮೇಲೆ ಎಡಗಡೆ ನಟ್ಟು ಬಿಗಿದವರು ಯಾರು ಅಂತ ಕೇಳಿದ. ನೀವೇ ಅಲ್ವಾ ಅಪ್ಪ, ಬಾಕಿ ಇದೆ ಅಂತ ಹೇಳಿ ಹೋಗಿದ್ದೆನಲ್ಲ ಅಂದಳು.

"ನಾನು ಮುಟ್ಟಿಲ್ಲ. ಒಂದು ಉದುರಿದೆ, ಇನ್ನೆರಡು ಬೆರಳಲ್ಲಿ ತಿರುಗ್ತವೆ. ಮೇಲೆ ಗೀಟು ಇದೆ. ಬಿಗಿ ಮಾಡದೆ ಗೀಟು ಎಳೆಯೋರ ಕೈಗೆ ನಾನು ಸ್ಪ್ಯಾನರ್ ಕೊಡಲ್ಲ, ಮಗಳಾದರೂ ಅಷ್ಟೆ."

ಅವಳು ಅಳಲಿಲ್ಲ. ಆವತ್ತು ಮಾಡಿದ ಕೆಲಸಗಳನ್ನು ಎಡಗೈ ಬೆರಳಲ್ಲಿ ಒಂದೊಂದಾಗಿ ಎಣಿಸಿದಳು. ಕೊನೆಗೆ, "ನಾನೇ ಎಳೆದಿರ್ಬೇಕು ಅಪ್ಪ. ಅವಸರದಲ್ಲಿದ್ದೆ, ನೆನಪಿಲ್ಲ" ಅಂದಳು. ಮಾಡದ್ದನ್ನು ಒಪ್ಪಿಕೊಂಡಳು, ತನ್ನ ಕೈಯನ್ನೇ ನಂಬದೆ ಹೋದಳು. ನಾನು ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ. ಗೀಟು ಅಂದರೆ ಏನು ಅಂತ ಆ ಗಳಿಗೆ ತಿಳಿಯಿತು ನನಗೆ, ಊದುಬತ್ತಿಯ ಕಡ್ಡಿ ಕಣ್ಣೆದುರಿಗೆ ಬಂತು. ಬಾಯಿ ತೆಗೆಯಲಿಲ್ಲ. ಬೋರ್ಡಿನ ಮಾತು ಇನ್ನು ಬೇಡ ಅಂತ ಮಗ ಹೇಳಿದಾಗಲೂ ತೆಗೆಯಲಿಲ್ಲ. ಅವನ ಜೊತೆ ಬಂದಿದ್ದ ಸೊಸೆ ಮಗಳ ಹತ್ತಿರ ಆಸ್ಪತ್ರೆಯಲ್ಲೇ ಉಳಿದಳು. ನಾನು ಮಗನ ಜೊತೆ ಭದ್ರಾವತಿಗೆ ಬಂದೆ.

ಮಾರನೇ ಬೆಳಗ್ಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಶೆಡ್ಡಿಗೆ ಹೋದೆ. ಒರೆಸಿಬಿಡೋಣ ಅಂತಲೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಒರೆಸಿದರೆ ಅದು ಕುಂಕುಮವೋ ಪಾಲಿಶೋ ಅಂತ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಸೊಟ್ಟಗಾದ ಚಕ್ರದ ಹಿಂದೆ ಎರಡು ಗೀಟು ಹಾಗೇ ಇದ್ದವು, ನೆಟ್ಟಗೆ, ನನ್ನ ಕೈಯವು. ಬಟ್ಟೆಯನ್ನು ಲೇತಿನ ಮೇಲೆ ಎಸೆದು ಒಳಗೆ ಹೋಗಿ ಮಗನನ್ನು ಎಬ್ಬಿಸಿದೆ. ಕಾಫಿ ಕೇಳಿದ, ಆಮೇಲೆ ಅಂದೆ. ಕರೆದುಕೊಂಡು ಬಂದು ಅವನ ಹೆಬ್ಬೆರಳು ಹಿಡಿದು ಬಲಗಡೆ ನಟ್ಟಿನ ಮೇಲೆ ಉಜ್ಜಿಸಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಎಡಗಡೆಯದರ ಮೇಲೆ ಉಜ್ಜಿಸಿದೆ. ಬೆರಳು ಕೆಂಪಾಯಿತು. ಮೂಸಿ ನೋಡು ಅಂದೆ. ಹರಳೆಣ್ಣೆ ವಾಸನೆ ಅವನಿಗೆ ಚಿಕ್ಕಂದಿನಿಂದ ಗೊತ್ತು.

"ಇದು ನಂದು. ಅವಳದ್ದಲ್ಲ" ಅಂದೆ.

ಅವನು ಬೆರಳು ನೋಡುತ್ತಾ ನಿಂತ. ಆಮೇಲೆ ನಲ್ಲಿಯ ಕಡೆ ತಿರುಗಿದ. ರಟ್ಟೆ ಹಿಡಿದು ನಿಲ್ಲಿಸಿದೆ. ಕೈ ತೊಳೀಬೇಡ, ಹುಡುಗಿಗೆ ತೋರ್ಸು, ಹಂಗೇ ಬಾ ಅಂತ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಅವನನ್ನು ಮುಂದೆ ಬಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.