ಏರಿ ದಾಟಿ ಬೀಳುವ ಗಾಳಿ

ಆಷಾಢದ ಗಾಳಿಯನ್ನು ತಂಗಾಳಿ, ಮಂದಮಾರುತ ಅಂತೆಲ್ಲ ಬರೆಯುವವರನ್ನು ಒಂದು ಮಧ್ಯಾಹ್ನ ತಂದು ನಮ್ಮ ಕೆರೆಯಂಗಳದಲ್ಲಿ ನಿಲ್ಲಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಅದು ಗಾಳಿಯಲ್ಲ, ಬಡಿಗೆ. ಹುಲಿಕುಂಟೆ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಕೊಟ್ಟಿಗೆಯ ತಗಡು ಕಿತ್ತು ಪಕ್ಕದ ಹೊಲಕ್ಕೆ ಎಸೆದಿದೆ. ಅಮ್ಮ ಒಣಗಹಾಕಿದ ಸೀರೆಯನ್ನು ಜಾಲಿಮುಳ್ಳಿಗೆ ಸಿಗಿದು ಚಿಂದಿ ಮಾಡಿದೆ. ಅಂಥ ಗಾಳಿಗೆ ನಮ್ಮೂರ ಗಂಡಸರು ಪಟ ಬಿಡುತ್ತಾರೆ.

ಬೆಳಿಗ್ಗೆ ಎಲ್ಲ ಸುಮ್ಮನಿರುತ್ತದೆ. ಊಟದ ಹೊತ್ತಿಗೆ ಕೆರೆ ಏರಿಯ ಮೇಲಿನ ಹೊಂಗೆಮರಗಳ ಎಲೆಗಳು ಮಗುಚಿ ಬೆನ್ನು ತೋರಿಸತೊಡಗಿದರೆ ಪಟ ಹೊರಗೆ ಬರುತ್ತದೆ. ಆಳೆತ್ತರದ ಪಟ, ಹಳೇ ಸೀರೆಯ ಬಾಲಂಗೋಚಿ, ದಾರದ ಬದಲು ನೈಲಾನ್ ಹುರಿ. ಪಡುವಲಿಂದ ಬರುವ ಗಾಳಿ ಏರಿಗೆ ಬಡಿದು ಮೇಲೇಳುತ್ತದೆ, ದಾಟಿದ ಮೇಲೆ ಒಣಗಿದ ಕೆರೆಯೊಳಕ್ಕೆ ದಬ್ಬನೆ ಬೀಳುತ್ತದೆ. ಹೀಗಾಗಿ ಒಂದು ಗಳಿಗೆ ಹುರಿ ಸಡಿಲ, ಮರುಗಳಿಗೆ ಆಳನ್ನೇ ಕಿತ್ತೊಯ್ಯುವ ಜಗ್ಗು. ಇಬ್ಬರು ಮೂವರು ಸಾಲಾಗಿ ನಿಂತು ಒದ್ದೆ ಗೋಣಿಯ ತುಂಡಿನಲ್ಲಿ ಹುರಿ ಹಿಡಿಯಬೇಕು, ತಡೆಯಲಾಗದಿದ್ದರೆ ಎಲ್ಲರೂ ಒಟ್ಟಿಗೆ ಬಿಟ್ಟುಬಿಡಬೇಕು. ಪಟ ಹೋದರೆ ಹೋಯಿತು. ಹುರಿಯನ್ನು ಕೈಗೆ ಸುತ್ತಿಕೊಳ್ಳುವ ಮಾತೇ ಇಲ್ಲ. ಇದನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ನನ್ನ ಗಂಡನಿಗೆ ಗೊತ್ತಿರಲಿಲ್ಲ. ಅವರು ವೈ.ಎನ್.ಹೊಸಕೋಟೆಯವರು, ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುವವರು. ನಾನು ಹಟ ಹಿಡಿದು ಮಾಡಿಕೊಂಡ ಮದುವೆ. ಅಮ್ಮ ಅತ್ತು ಕರೆದು ಒಪ್ಪಿದಳು. ಅಣ್ಣ ಮಾತ್ರ ಒಪ್ಪಿದ ಹಾಗೆ ಮಾಡಿದ. ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂರುವವನೂ ಒಬ್ಬ ಗಂಡಸೇ ಅಂತ ಅವನ ತಾತ್ಸಾರ.

ಮೊದಲ ಆಷಾಢಕ್ಕೆ ಎಲ್ಲ ಹೊಸ ಸೊಸೆಯರಂತೆ ನಾನೂ ತವರಿಗೆ ಬಂದೆ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟುವಂತಿಲ್ಲ, ಅಳಿಯ ಮಾವನ ಮನೆ ಮೆಟ್ಟುವಂತಿಲ್ಲ. ಆದರೆ ಕೆರೆಯಂಗಳ ಮಾವನ ಮನೆಯಲ್ಲವಲ್ಲ! ಭಾನುವಾರ ಇವರು ಪಟ ನೋಡುವ ನೆಪದಲ್ಲಿ ಬೈಕಿನಲ್ಲಿ ಬಂದರು. ನಾನು ಹುಲ್ಲು ಕೊಯ್ಯುವ ನೆಪದಲ್ಲಿ ಕುಡುಗೋಲು ಹಿಡಿದು ಏರಿಯ ಇಳಿಜಾರಿಗೆ ಹೋದೆ. ಅಮ್ಮ ಕಂಡೂ ಕಾಣದಂತೆ ಇದ್ದಳು.

ಅಣ್ಣನೇ ಇವರನ್ನು ಕರೆದು ಹುರಿ ಕೈಗೆ ಕೊಟ್ಟ. ಮುಂದೆ ಇವರು, ಹಿಂದೆ ಅವನು. ಎಳೆ ಕಂಡರೆ ಬೆರಳಿಗೆ ಸುತ್ತಿಕೊಳ್ಳುವುದು ನೇಕಾರರ ಕೈಗೆ ಅಂಟಿದ ಚಾಳಿ. ಇವರು ಗೋಣಿ ಬೇಡವೆಂದು ಪಕ್ಕಕ್ಕೆಸೆದು ಹುರಿಯನ್ನು ಬಲಗೈಯ ತೋರುಬೆರಳಿಗೆ ಸುತ್ತಿದರು. ಅಣ್ಣ ಆ ಕೈಯನ್ನೇ ನೋಡಿದ್ದನ್ನು ನಾನು ಮೇಲಿನಿಂದ ನೋಡಿದೆ.

"ಗಟ್ಟಿಯಾಗ್ ಇಡ್ಕ ಬಾವ, ನಾನಿವ್ನಿ ಇಂದೆ," ಅಂದ.

"ಏಂ ಕಾದು ಬಾವ, ಏನೂ ಆಗಲ್ಲ. ಹುಟ್ಟಿದಾಗ್ನಿಂದ ಎಳೆ ಹಿಡ್ದೋನು ನಾನು," ಅಂತ ಇವರು ತಮ್ಮೂರ ತೆಲುಗು ಬೆರೆಸಿ ನಕ್ಕರು.

ಅಷ್ಟರಲ್ಲಿ ಏರಿಯ ಮೇಲೆ ನನ್ನನ್ನೇ ನೂಕಿ ಕೆಡವುವ ಹಾಗೆ ಗಾಳಿ ಬಂತು. ಕೂಗಿದೆ. ಕೂಗು ಎತ್ತ ಹಾರಿಹೋಯಿತೋ. ಪಟ ಒಂದು ಗೋತಾ ಹೊಡೆದು ಮೇಲೆದ್ದಿತು, ಹುರಿ ಸೆಟೆಯಿತು, ಅಣ್ಣ ಕೈ ಬಿಟ್ಟ. ರಿವಾಜಿನ ಪ್ರಕಾರವೇ ಬಿಟ್ಟ. ಇವರು ಮುಗ್ಗರಿಸಿ ಬಿದ್ದರು, ಬಿದ್ದವರನ್ನು ಪಟ ಎಳೆದುಕೊಂಡು ಹೊರಟಿತು. ಬಿರುಕುಬಿಟ್ಟ ಕೆರೆಮಣ್ಣಿನ ಮೇಲೆ, ಜಾಲಿ ಬುಡಗಳ ಮೇಲೆ, ಮುಖ ಕೆಳಗಾಗಿ. ನಾನು ಓಡಿದೆ. ಜೀವಮಾನದಲ್ಲಿ ಹಾಗೆ ಓಡಿಲ್ಲ. ಒಂದು ಜಾಲಿಪೊದೆಗೆ ಅವರ ಭುಜ ಸಿಕ್ಕಿಕೊಂಡಾಗ ಕುಡುಗೋಲು ಬೀಸಿ ಹುರಿ ಕತ್ತರಿಸಿದೆ. ಪಟ ಹಾರಿಹೋಯಿತು. ಹುರಿ ಮೂಳೆಯವರೆಗೂ ಇಳಿದಿತ್ತು. ಬೆರಳು ಚರ್ಮದಲ್ಲಿ ತೂಗುತ್ತಿತ್ತು, ರಕ್ತ ಚಿಮ್ಮಿ ನನ್ನ ಮುಖಕ್ಕೆ ಬಿತ್ತು.

ಏದುಸಿರು ಬಿಡುತ್ತಾ ಬಂದ ಅಣ್ಣನ ಬಾಯಲ್ಲಿ ಮೊದಲು ಹೊರಟ ಮಾತು, "ಪಟ ಓಯ್ತಲ್ಲೇ!"

ಕುಡುಗೋಲಿನ ಹಿಡಿಯಿಂದ ಅವನ ಬಾಯಿಗೆ ಬಾರಿಸಿದೆ. ತುಟಿ ಸೀಳಿತು, ಹಲ್ಲೊಂದು ಅಲ್ಲಾಡಿತು. ಅವನು ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿ ಒದ್ದ. ಊರವರು ನಡುವೆ ಬಂದು ಬಿಡಿಸಿದರು.

"ಸುತ್ಕೊಂಡಿದ್ನ ನೋಡ್ದೆ ತಾನೆ? ಯಾಕ್ ಬ್ಯಾಡ ಅನ್ಲಿಲ್ಲ?" ಅಂತ ಅರಚಿದೆ.

"ನೋಡ್ದೆ ಕಣೇ. ನಿನ್ ಗಂಡ ಎಂಥಾ ಗಂಡ್ಸು ಅಂತ ನೋಡಾನ ಅಂತ ಸುಮ್ಕಿದ್ದೆ," ಅಂದ, ರಕ್ತ ಉಗುಳುತ್ತಾ.

ಆಗ ಕುಡುಗೋಲಿನ ಬಾಯಿ ಅವನ ಕಡೆ ಇದ್ದಿದ್ದರೆ ಏನಾಗುತ್ತಿತ್ತೋ ಅಂತ ಅಮ್ಮ ಈಗಲೂ ಗಡಗಡ ನಡುಗುತ್ತಾಳೆ. ನನಗೆ ನಡುಕ ಬರುವುದಿಲ್ಲ, ಸಿಟ್ಟೇ ಬರುತ್ತದೆ.

ಶಿರಾದ ಆಸ್ಪತ್ರೆಯಲ್ಲಿ ಬೆರಳನ್ನು ಬುಡದವರೆಗೂ ತೆಗೆದರು. ನಾನು ತವರಿಗೆ ಹೋಗದೆ ಇವರೊಂದಿಗೇ ಹೊಸಕೋಟೆ ಬಸ್ಸು ಹತ್ತಿದೆ. ಮಗನ ಕೈ ನೋಡಿ ಅತ್ತೆ ಎದೆ ಬಡಿದುಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಬಟ್ಟೆಗಂಟು ಎತ್ತಿಕೊಂಡು, ಶ್ರಾವಣ ಹುಟ್ಟುವವರೆಗೂ ಇರುತ್ತೇನೆಂದು ತಮ್ಮ ತಂಗಿಯ ಮನೆಗೆ ಹೋದರು. ಸೊಸೆಯೂ ಒಳಗೆ ಬಂದಳು, ಶಾಸ್ತ್ರವೂ ಉಳಿಯಿತು.

ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನಲ್ಲಿ ಎಳೆ ಕಡಿದರೆ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಗಂಟು ಹಾಕಬೇಕು. ಕೂದಲಿಗಿಂತ ಸಣ್ಣ ಎಳೆ. ಗಾಯ ಮಾಗಿದ ಮೇಲೆ ಇವರು ನಡುಬೆರಳಿನಲ್ಲಿ ಹೊಸೆಯಲು ಕೂತರು. ಎಳೆ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು, ಮತ್ತೆ ಜಾರುತ್ತಿತ್ತು. ಒಂದು ದಿನ ಲಾಳಿಯನ್ನು ಗೋಡೆಗೆ ಎಸೆದು, ಅದೇ ಕೈಯನ್ನು ಮಗ್ಗದ ಕಂಬಕ್ಕೆ ಮಾಗಿದ ಗಾಯ ಮತ್ತೆ ಬಿರಿಯುವಷ್ಟು ಬಡಿದುಕೊಂಡರು.

ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದ. ಇವರು ಮಗ್ಗದಿಂದಲೇ "ಬಾ ಬಾವ" ಅಂದರು. ನಾನು ಬಾಗಿಲಿಗೆ ಅಡ್ಡ ನಿಂತೆ, ನೀರು ಕೂಡ ಕೊಡಲಿಲ್ಲ. ಅವನು ನನ್ನ ಭುಜದ ಮೇಲಿನಿಂದ ಒಳಗೆ ನೋಡಿದ. ಇವರು ಎಳೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗಂಟು ಹಾಕಲು ಒದ್ದಾಡುತ್ತಿದ್ದರು.

ಅಣ್ಣ ನನ್ನ ಕಡೆ ತಿರುಗಿದ. "ಗಾಳಿ ಮಾಡಿದ್ ಕೆಲ್ಸಕ್ಕೆ ನನ್ ಮ್ಯಾಲ್ ಯಾಕವ್ವ ಇಂಗೆ ಸಿಟ್ಟು?" ಅಂದ.

"ಅವ್ರು ಬೆರಳಿಗೆ ಸುತ್ಕೊಂಡಿದ್ದು ಗಾಳಿಗ್ ಗೊತ್ತಿರ್ಲಿಲ್ಲ ಕಣಣ್ಣ," ಅಂದೆ. "ನಿಂಗ್ ಗೊತ್ತಿತ್ತು."

ಅವನು ಬಾಗಿನವನ್ನು ಜಗಲಿಯ ಮೇಲಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಕರೆಯಲಿಲ್ಲ.