ಹಗಲು ನಿದ್ದೆಗೆ ತಕ್ಕ ಮನೆ

ಮೈಸೂರಿನ ಆ ಮನೆಯೊಡತಿಗೆ ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, ಮಲಗುವ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂಬುದು. ಎರಡನೆಯದು, ಹತ್ತಿರದಲ್ಲಿ ಶಾಲೆ ಇದೆಯೇ ಎಂದು. ಮೂರನೆಯದು ಹಿಟ್ಟಿನ ಗಿರಣಿಯ ಬಗ್ಗೆ. ಅರಮನೆ ಎಷ್ಟು ದೂರ, ಮಾರುಕಟ್ಟೆಗೆ ಹೇಗೆ ಹೋಗಬೇಕು ಎಂದು ಬೇರೆಯವರೆಲ್ಲ ಕೇಳುವುದನ್ನು ನಾನು ಕೇಳಲೇ ಇಲ್ಲ. ಆಕೆ ಸ್ವಲ್ಪ ಹೊತ್ತು ಸಹಿಸಿಕೊಂಡು ಕೊನೆಗೆ ನಕ್ಕುಬಿಟ್ಟರು.

"ಅಲ್ಲಮ್ಮ, ನೀವು ಮೈಸೂರು ನೋಡೋಕೆ ಬರ್ತಿದೀರೋ, ನಿದ್ದೆ ಮಾಡೋಕೋ?"

ನನಗೆ ಸಿಟ್ಟು ಬಂತು. ಮನೆ ಹುಡುಕುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರನ್ನು ಕಂಡರೆ ಆಗುವುದಿಲ್ಲ. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ನಾಲ್ಕು ಬಾಡಿಗೆ ಮನೆ ಬದಲಿಸಿ, ಐದನೆಯದನ್ನು ಸ್ವಂತ ಮಾಡಿಕೊಂಡವಳು ನಾನು. ಓಣಿಯ ಈ ತುದಿಯಲ್ಲಿ ನಿಂತರೆ ಸಾಕು, ಯಾವ ಮನೆ ವಾಸಕ್ಕೆ ಆದೀತು, ಯಾವುದು ಆಗದು ಎಂದು ಹೇಳಬಲ್ಲೆ ಎಂಬ ಜಂಬವಿತ್ತು.

ಮೈಸೂರಿಗೆ ಹೊರಟದ್ದೇ ಹಟಕ್ಕೆ. ಮನೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಮುಂಡಗೋಡ ಕಡೆಯ ಇಂದೂರಿನಲ್ಲಿ ಹೊಲಮನೆ ನಡೆಸುತ್ತಿರುವ ನನ್ನ ಅಕ್ಕ ವಾರಕ್ಕೆ ಮೂರು ಸಲ ಫೋನು ಮಾಡಿ ಒಂದೇ ರಾಗ ಎಳೆಯುತ್ತಿದ್ದಳು. ದಾಂಡೇಲಿ ಮನೆಗೆ ಬೀಗ ಹಾಕು, ಇಲ್ಲಿಗೆ ಬಂದುಬಿಡು, ತುಂಬಿದ ಮನೆಯಲ್ಲಿ ಒಂದು ತಾಟು ಹೆಚ್ಚಾದರೆ ಏನೂ ಆಗುವುದಿಲ್ಲ. ಅಕ್ಕನ ಪ್ರೀತಿ ಸುಳ್ಳಲ್ಲ. ಆದರೆ ಆ ಹೆಚ್ಚಿನ ತಾಟು ನಾನು ಎಂಬುದು ನನಗೆ ನುಂಗಲಾರದ ತುತ್ತಾಗಿತ್ತು. ಒಂದು ದಿನ ಅವಳು, "ಒಬ್ಬಾಕಿನ ಹೆಂಗ ಇರ್ತೀಯವಾ" ಎಂದು ನೂರನೆಯ ಸಲ ಕೇಳಿದಾಗ ನನ್ನ ಬಾಯಿಂದ ಮಾತು ಜಾರಿತು.

"ಗುರ್ತಿಲ್ಲದ ಊರಾಗ ಹದಿನೈದ ದಿನ ಒಬ್ಬಾಕಿನ ಇದ್ದು ತೋರಸ್ತೇನಿ. ಇದ್ದು ಬಂದ್ರ ಮತ್ತ ಇಂದೂರ ಮಾತ ಎತ್ತಬ್ಯಾಡ. ನಡುವ ಓಡಿ ಬಂದ್ರ, ಮನಿಗೆ ಕೀಲಿ ಹಾಕಿ ನಿನ್ನ ಕಡೆ ಬರ್ತೇನಿ."

ಅಕ್ಕ ಒಪ್ಪಿದಳು. ನಾನು ಮೂರೇ ದಿನಕ್ಕೆ ಓಡಿಬರುತ್ತೇನೆಂದು ಅವಳಿಗೆ ಗಟ್ಟಿ ನಂಬಿಕೆ.

ಮೈಸೂರೇ ಏಕೆಂದರೆ, ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಒಂದೇ ದಿನ. ಅರಮನೆ ನೋಡಿ, ಪ್ರಾಣಿಗಳನ್ನು ನೋಡಿ, ಮರುದಿನ ಅವರಿಗೆ ಪಾಳಿ ಇದ್ದುದರಿಂದ ಸಂಜೆಯೇ ಬಸ್ಸು ಹತ್ತಿದೆವು. ಮಾರುಕಟ್ಟೆಯಲ್ಲಿ ರಾಶಿ ಹಾಕಿದ್ದ ಎಳೆ ಬದನೆಕಾಯಿ ನೋಡಿ, ಇದನ್ನು ಕೊಂಡು ಇಲ್ಲೇ ಒಂದು ಒಲೆ ಹಚ್ಚಿ ಪಲ್ಯ ಮಾಡುವ ಹಾಗಿದ್ದರೆ ಎಂದು ಆಸೆಪಟ್ಟಿದ್ದೆ. ರಿಟೈರ್ ಆದ ಮೇಲೆ ಹದಿನೈದು ದಿನ ಮನೆ ಹಿಡಿದು ಇರೋಣ, ನೀನು ಅಡುಗೆ ಮಾಡುವೆಯಂತೆ ಎಂದು ಅವರು ಹೇಳಿದ್ದರು. ರಿಟೈರ್ ಆಗಲು ಏಳು ತಿಂಗಳಿದ್ದಾಗ ಹೋದರು.

ಮೊಬೈಲಿನಲ್ಲಿ ಮನೆಗಳ ಚಿತ್ರ ನೋಡುತ್ತ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಡಾವಣೆಗಳ ಹೆಸರು ಬರೆದುಕೊಂಡೆ. ಅಗ್ರಹಾರದಲ್ಲಿ ಒಂದು ಚೆಂದದ ಮನೆಯಿತ್ತು, ಕಂಬದ ಜಗಲಿ, ಹಿತ್ತಿಲಲ್ಲಿ ಬಾವಿ. ಪಕ್ಕದಲ್ಲಿ ಕಲ್ಯಾಣ ಮಂಟಪ ಎಂದು ತಿಳಿದದ್ದೇ ತಡ, ಹೊಡೆದುಹಾಕಿದೆ. ಬೆಳಿಗ್ಗೆ ಹತ್ತಕ್ಕೆ ವಾಲಗ ಊದಿದರೆ ಗತಿಯೇನು? ಲಷ್ಕರ್ ಮೊಹಲ್ಲಾ ಬಸ್ ನಿಲ್ದಾಣಕ್ಕೆ ಹತ್ತಿರ, ಅದೂ ಹೋಯಿತು. ಕೊನೆಗೆ ಉಳಿದದ್ದು ಆ ಮನೆಯೊಡತಿಯ ಎರಡು ಮನೆಗಳು. ಒಂದು ಸಂತೆಪೇಟೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಾಳಿಗೆ. ಇಳಿದರೆ ಬೀದಿ, ನಾಲ್ಕು ಹೆಜ್ಜೆಗೆ ಮಾರುಕಟ್ಟೆ. ಇನ್ನೊಂದು ಊರ ಅಂಚಿನ ಹೊಸ ಬಡಾವಣೆಯಲ್ಲಿ. ಅಲ್ಲಿ ಶಾಲೆಯಿಲ್ಲ, ಗುಡಿಯಿಲ್ಲ, ಅಂಗಡಿಗಳೂ ಇಲ್ಲ. ಮಲಗುವ ಕೋಣೆ ಪಶ್ಚಿಮಕ್ಕೆ, ಮಧ್ಯಾಹ್ನ ಮೂರರವರೆಗೆ ಬಿಸಿಲು ಬೀಳದು. ಹೀಗೆ ಒಬ್ಬರೇ ಬರುವವರಿಗೆ ಪೇಟೆಯ ಮನೆಯೇ ವಾಸಿ ಎಂದು ಆಕೆ ಎರಡು ಸಲ ಹೇಳಿದರು. ನಾನು ಹೊಸ ಬಡಾವಣೆಯದನ್ನೇ ಹಿಡಿದೆ.

ದಾಂಡೇಲಿಯ ನಮ್ಮ ಓಣಿಯಲ್ಲಿ ಬೆಳೆದವರು ಯಾರೂ ಇದಕ್ಕೆ ನಗುವುದಿಲ್ಲ. ಅಲ್ಲಿ ಮನೆಮನೆಗೂ ಒಬ್ಬರು ಕಾಗದದ ಕಾರ್ಖಾನೆಯವರು, ವಾರಕ್ಕೊಂದು ಪಾಳಿ. ರಾತ್ರಿಪಾಳಿಯ ವಾರದಲ್ಲಿ ಗಂಡಸು ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ, ಮಿಕ್ಸರ್ ತಿರುಗುವಂತಿಲ್ಲ. ನಾನು ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿ, ಚಟ್ನಿಯನ್ನು ಹಿತ್ತಿಲಲ್ಲಿ ಕುಟ್ಟಿ ಬದುಕಿದವಳು. ಕಾರ್ಖಾನೆಯ ಯಂತ್ರದಲ್ಲಿ ಹಸಿ ಕಾಗದವನ್ನು ಹೊತ್ತು ಓಡುವ ದಪ್ಪ ಉಣ್ಣೆಯ ಬಟ್ಟೆಗೆ ಫೆಲ್ಟು ಎನ್ನುತ್ತಾರೆ. ಅದು ಸವೆದ ಮೇಲೆ ತುಂಡು ತುಂಡಾಗಿ ನಮ್ಮ ಮನೆಗಳಿಗೆ ಬರುತ್ತಿತ್ತು. ಬೇರೆಯವರು ಹಾಸಿದರು, ಹೊದೆದರು. ನಾನು ಕಿಟಕಿಗೆ ಪರದೆ ಮಾಡಿದೆ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಕತ್ತಲೆ.

ಇನ್ನೊಂದು ಪದ್ಧತಿಯೂ ಇತ್ತು. ರಾತ್ರಿಪಾಳಿಯಿಂದ ಬಂದವರು ತಮ್ಮ ಊಟದ ಡಬ್ಬಿಯನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಬೋರಲು ಹಾಕಿ ಒಳಗೆ ಹೋಗುತ್ತಿದ್ದರು. ಡಬ್ಬಿ ಬೋರಲಿದ್ದರೆ ಆ ಮನೆಯಲ್ಲಿ ಒಬ್ಬರು ಮಲಗಿದ್ದಾರೆ ಎಂದು ಅರ್ಥ. ಮೀನಿನವರು, ಪಾತ್ರೆಯವರು, ಜೋಯಿಡಾದಿಂದ ಬೆಳಗಿನ ಬಸ್ಸಿಗೆ ಗೆಡ್ಡೆ ಗೆಣಸಿನ ಬುಟ್ಟಿ ತರುವಾಕೆ, ಎಲ್ಲರೂ ಆ ಬಾಗಿಲು ದಾಟುವವರೆಗೆ ದನಿ ನುಂಗಿಕೊಳ್ಳುತ್ತಿದ್ದರು. ಮಲಗಿದವರು ಎದ್ದ ಮೇಲೆ ಹೆಂಗಸರು ಡಬ್ಬಿಯನ್ನು ಒಳಗೆ ಒಯ್ಯುತ್ತಿದ್ದರು.

ಮನೆಯವರು ಹೋದ ಮೇಲೆ ವ್ಯಾಪಾರದವರು ನನ್ನ ಬಾಗಿಲಲ್ಲಿ ಕೂಗುವುದನ್ನೇ ಬಿಟ್ಟರು. ಆಚೆ ಮನೆಯ ಮುಂದೆ ಗಂಟಲು ಹರಿಯುವ ಹಾಗೆ ಕೂಗುವ ಗೆಡ್ಡೆಯಾಕೆ ನನ್ನ ಮನೆ ಬಂದಾಗ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದಳು. ಒಬ್ಬಂಟಿ ಹೆಂಗಸು, ಏನು ಕೊಂಡಾಳು ಎಂದುಕೊಂಡಳೋ, ಬೆಳಿಗ್ಗೆ ಬೆಳಿಗ್ಗೆ ಈ ಮುಖ ಯಾಕೆ ನೋಡಲಿ ಎಂದುಕೊಂಡಳೋ. ನಾನೂ ಕರೆಯಲಿಲ್ಲ. ಕರೆದು ಕೇಳುವಷ್ಟು ಬಗ್ಗುವ ಜಾಯಮಾನ ನನ್ನದಲ್ಲ. ಪೇಟೆಗೆ ಹೋಗಿ ಕಾಯಿಪಲ್ಲೆ ತರತೊಡಗಿದೆ. ಆದರೆ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆಗ ಇಂದೂರಿನ ಗದ್ದಲ ನೆನಪಾಗುತ್ತಿತ್ತು, ಅದನ್ನು ಅಕ್ಕನಿಗೆ ಹೇಳಲಿಲ್ಲ ಅಷ್ಟೆ.

ಮೈಸೂರಿನ ಮನೆ ಚಿತ್ರದಲ್ಲಿದ್ದ ಹಾಗೆಯೇ ಇತ್ತು, ಮೋಸವೇನಿಲ್ಲ. ಬಿಳಿ ಗೋಡೆ, ಹೊಸ ಒಲೆ, ಅಕ್ಕಪಕ್ಕ ಖಾಲಿ ನಿವೇಶನ. ಮೊದಲ ಮಧ್ಯಾಹ್ನ ಬ್ಯಾಗು ಬಿಚ್ಚಿ, ಚಳಿಗೆ ಹೊದೆಯಲೆಂದು ತಂದಿದ್ದ ಫೆಲ್ಟನ್ನು ತೆಗೆದವಳು ಕುರ್ಚಿ ಹತ್ತಿ ಕಿಟಕಿಗೆ ಕಟ್ಟಿಬಿಟ್ಟೆ. ಕಟ್ಟುವಾಗ ಏನೂ ಅನ್ನಿಸಲಿಲ್ಲ. ಕೋಣೆ ಕತ್ತಲಾಯಿತು, ನನಗೆ ಸಮಾಧಾನವಾಯಿತು. ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದೆ. ಎರಡನೆಯ ದಿನ ಅರಮನೆಗೆ ಹೋಗಿ ಜನರ ಹಿಂದೆ ಸುತ್ತಿ ಬಂದೆ. ಎಲ್ಲರೂ ಒಬ್ಬರಿಗೊಬ್ಬರು ಚಿತ್ರ ತೆಗೆದುಕೊಳ್ಳುತ್ತಿದ್ದರು. ಒಂದು ಸಂಸಾರ ನನ್ನ ಕೈಗೆ ಮೊಬೈಲು ಕೊಟ್ಟು ತಮ್ಮದೊಂದು ತೆಗೆಸಿಕೊಂಡಿತು. ಅವತ್ತು ಇಡೀ ದಿನ ನಾನಾಡಿದ ಮಾತು "ನಗ್ರಿ" ಎಂಬುದೊಂದೇ.

ಮೂರನೆಯ ದಿನ ಮನೆಯಲ್ಲೇ ಕುಳಿತೆ. ಸದ್ದೇ ಇಲ್ಲ. ನಾನು ಬೇಡಿ ಪಡೆದ ಮೌನ ನನ್ನನ್ನೇ ತಿನ್ನುತ್ತಿತ್ತು. ಸಂಜೆಗೆ ಬಟ್ಟೆಗಳನ್ನು ಮಡಿಚಿ ಬ್ಯಾಗಿಗೆ ತುಂಬಿದೆ. ಅಕ್ಕ ಮೂರು ದಿನ ಎಂದಿದ್ದಳು, ಅವಳ ಬಾಯಿಯಲ್ಲಿ ಸತ್ಯ ಕೂತಿತ್ತು. ಬೆಳಿಗ್ಗೆ ಎದ್ದು ಹೊರಡುವುದು, ನೇರ ಇಂದೂರಿಗೇ ಹೋಗುವುದು ಎಂದು ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ದಾರಿ ತಪ್ಪಿದವನ ಹಾಗೆ ಒಬ್ಬ ಸೊಪ್ಪಿನವನು ಸೈಕಲ್ಲು ತಳ್ಳಿಕೊಂಡು ಆ ರಸ್ತೆಗೆ ಬಂದ. ನಡುವಯಸ್ಸಿನವನು, ಗಂಟಲು ಮಾತ್ರ ಭಾರಿ. ನನ್ನ ಕಿಟಕಿಯ ಕೆಳಗೇ ನಿಂತು, ದಂಟು, ಸಬ್ಬಸಿಗೆ, ಕೀರೆ ಎಂದು ಎಳೆದೆಳೆದು ಕೂಗಿದ. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಗೇಟಿನ ಹತ್ತಿರ ನಿಂತು, ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಮುಂದೆ ಹೋಗು ಎಂದು ಸನ್ನೆ ಮಾಡಿದೆ. ಅವನು ತಪ್ಪಾಯಿತು ಎನ್ನುವಂತೆ ದನಿ ತಗ್ಗಿಸಿದ.

"ಯಾರಮ್ಮಾ ಮಲಗಿರೋದು?"

ನನ್ನ ಬೆರಳು ತುಟಿಯ ಮೇಲೆಯೇ ಉಳಿಯಿತು.

ಎರಡು ವರ್ಷದ ಹಿಂದೆ ಇದೇ ಸನ್ನೆಯನ್ನು ನಾನು ಗೆಡ್ಡೆಯಾಕೆಗೆ ಮಾಡಿದ್ದೆ. ಅವತ್ತು ಮನೆಯವರು ರಾತ್ರಿಪಾಳಿ ಮುಗಿಸಿ ಬಂದು, ಡಬ್ಬಿ ಬೋರಲು ಹಾಕಿ, ಸ್ನಾನ ಮಾಡಿ ಒಗ್ಗರಣೆ ಅವಲಕ್ಕಿ ತಿಂದು ಮಲಗಿದ್ದರು. ಅವತ್ತೇ ಗೆಡ್ಡೆಯಾಕೆ ಯಾವುದೋ ಗುಂಗಿನಲ್ಲಿ ಡಬ್ಬಿ ನೋಡದೆ ಕೂಗಿಬಿಟ್ಟಳು. ನಾನು ಓಡಿ ಬಂದು ಅವಳನ್ನು ಸನ್ನೆಯಲ್ಲೇ ಗದರಿ ಕಳಿಸಿದೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತು, ಓಣಿಯಲ್ಲಿ ಆಡುವ ಮಕ್ಕಳನ್ನೂ ಆಚೆ ಕಳಿಸಿದೆ. ಮೂರು ಗಂಟೆಗೆ ಚಹಾ ಹಿಡಿದುಕೊಂಡು ಎಬ್ಬಿಸಲು ಹೋದೆ. ಬಂದು ನೋಡಿದ ಡಾಕ್ಟರು, ಬೆಳಿಗ್ಗೆಯೇ ಆಗಿಹೋಗಿದೆ, ನಿದ್ದೆಯಲ್ಲೇ ಎಂದರು. ನಾನು ಇಡೀ ಓಣಿಯನ್ನು ಸುಮ್ಮನಿರಿಸಿ ಕಾಯುತ್ತ ಕುಳಿತಿದ್ದೆ. ಯಾರಾದರೂ ಸದ್ದು ಮಾಡಿದ್ದರೆ, ನಾನೇ ಒಂದು ಪಾತ್ರೆ ಬೀಳಿಸಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಅವತ್ತಿನ ಗಲಾಟೆಯಲ್ಲಿ ಕಟ್ಟೆಯ ಮೇಲಿನ ಡಬ್ಬಿ ಯಾರ ನೆನಪಿಗೂ ಬರಲಿಲ್ಲ. ಆಮೇಲೆ ನೆನಪಾದರೂ ಅದನ್ನು ಎತ್ತಲು ನನಗೆ ಕೈ ಬರಲಿಲ್ಲ.

ಸೊಪ್ಪಿನವನು ಇನ್ನೂ ನಿಂತೇ ಇದ್ದ.

"ಯಾರೂ ಇಲ್ಲ," ಎಂದೆ. "ನೀವು ಕೂಗ್ರಿ."

ಒಳಗೆ ಬಂದು ಫೆಲ್ಟನ್ನು ಕಿಟಕಿಯಿಂದ ಬಿಚ್ಚಿದೆ. ಇಡೀ ಮೈಸೂರಿನಲ್ಲಿ ಹುಡುಕಿ ಹುಡುಕಿ, ಹಗಲು ಮಲಗುವ ಒಬ್ಬರಿಗಾಗಿ ನಾನು ಮನೆ ಹಿಡಿದಿದ್ದೆ. ನನಗಾಗಿ ಮನೆ ಹುಡುಕುವುದು ಹೇಗೆಂದು ನನಗೆ ಗೊತ್ತೇ ಇರಲಿಲ್ಲ. ಬಹಳ ಹೊತ್ತು ಅತ್ತೆ, ಬಾಯಿ ಮುಚ್ಚಿಕೊಳ್ಳದೆ ಅತ್ತೆ. ಆಮೇಲೆ ಮನೆಯೊಡತಿಗೆ ಫೋನು ಮಾಡಿ, ಸಂತೆಪೇಟೆಯ ಮಾಳಿಗೆ ಖಾಲಿ ಇದೆಯೇ ಎಂದು ಕೇಳಿದೆ. ಆಕೆ ಈ ಸಲ ನಗಲಿಲ್ಲ.

ಉಳಿದ ಹನ್ನೆರಡು ದಿನ ಪಾತ್ರೆಗಳ ಸದ್ದಿನ ಮೇಲೆ ಬದುಕಿದೆ. ಬೆಳಿಗ್ಗೆ ಐದಕ್ಕೆ ಕೈಗಾಡಿಗಳು, ಎಂಟಕ್ಕೆ ಕೊಡಗಳನ್ನು ಜೋಡಿಸುವ ಗಲಗಲ, ಆಮೇಲೆ ಕೂಗೇ ಕೂಗು. ಬದನೆಕಾಯಿ ಕೊಂಡು ಪಲ್ಯ ಮಾಡಿದೆ. ರುಚಿಯಾಗಿತ್ತು, ತಾಟು ಒಂದೇ ಇತ್ತು. ಗದ್ದಲದ ನಡುವೆ ಒಂಟಿತನವೇನೂ ಕಳೆಯಲಿಲ್ಲ. ಇಲ್ಲಿಯ ಯಾವ ಕೂಗೂ ನನ್ನನ್ನು ಕರೆಯುತ್ತಿರಲಿಲ್ಲ, ಬೀದಿಯನ್ನು ಕರೆಯುತ್ತಿತ್ತು ಅಷ್ಟೆ. ಆದರೂ ಹದಿನೈದು ದಿನ ಮುಗಿಸಿದೆ.

ಹುಬ್ಬಳ್ಳಿಯಲ್ಲಿ ಇಳಿದು ಹಳಿಯಾಳದ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಕ್ಕನಿಗೆ ಹೇಳಿದೆ. ನೀನೇ ಗೆದ್ದೆ ಎಂದಳು, ದನಿ ಸಣ್ಣಗಾಗಿತ್ತು. ನನಗೆ ಗೆದ್ದ ಖುಷಿಯಿರಲಿಲ್ಲ. ಪರ ಊರಿನಲ್ಲಿ ಒಂಟಿಯಾಗಿರುವುದು ಬೇರೆ, ನನ್ನದೇ ಓಣಿಯಲ್ಲಿ ಯಾರಿಗೂ ಬೇಡವಾಗಿರುವುದು ಬೇರೆ. ನಾನೇ ಬರುತ್ತೇನೆ ಎಂದು ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ನಾಳೆ ಮಾತಾಡುತ್ತೇನೆ ಎಂದು ಫೋನಿಟ್ಟೆ.

ಸಂಜೆ ಕಟ್ಟೆ ಗುಡಿಸುವಾಗ ಡಬ್ಬಿಯನ್ನು ಎತ್ತಿದೆ. ಕೆಳಗೆ ಸಿಮೆಂಟಿನ ಮೇಲೆ ಬಿಳಿಯ ಗುಂಡು ಗುರುತು, ಒಳಗೆ ಇರುವೆಗಳ ಮಣ್ಣು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಅಡುಗೆಮನೆಯ ಹಲಗೆಯ ಮೇಲೆ ಉಳಿದ ಡಬ್ಬಿಗಳ ಸಾಲಿನಲ್ಲಿ ಇಟ್ಟೆ.

ಮರುದಿನ ಬೆಳಿಗ್ಗೆ ನನ್ನ ಬಾಗಿಲ ಮುಂದೆಯೇ, ಗೋಡೆ ಅದುರುವ ಹಾಗೆ ಕೂಗು ಬಂತು. ಓಡಿ ಬಂದೆ. ಗೆಡ್ಡೆಯಾಕೆ ಬುಟ್ಟಿಯನ್ನು ಕಟ್ಟೆಯ ಮೇಲೆ, ಆ ಬಿಳಿ ಗುರುತಿನ ಮೇಲೆಯೇ ಇಳಿಸುತ್ತಿದ್ದಳು. ಎರಡು ವರ್ಷ ಇಲ್ಲದ ಕೂಗು ಇವತ್ತು ಯಾಕೆ ಎಂದು ಕೇಳಿದೆ. ದನಿಯಲ್ಲಿ ಸಿಟ್ಟೇ ಇತ್ತು. ಅವಳು ನನ್ನನ್ನು ನೋಡಿ, ಬುಟ್ಟಿಯ ಮೇಲಿನ ಎಲೆ ಸರಿಸುತ್ತ ಹೇಳಿದಳು.

"ಡಬ್ಬಿ ಬೋರಲ ಇತ್ತಲ್ರಿ ಅಕ್ಕಾರ. ನೀವ ತಗೀಲಿಲ್ಲ, ನಾ ಹೆಂಗ ಒದರ್ಲಿ?"

ಬೇಕಾದ್ದಕ್ಕಿಂತ ಹೆಚ್ಚು ಗೆಡ್ಡೆ ಕೊಂಡೆ. ಅವಳನ್ನು ಕೂರಿಸಿ ಚಹಾ ಕೊಟ್ಟೆ. ಅವಳು ಹೋದ ಮೇಲೆ ಕುಕ್ಕರಿನಲ್ಲಿ ಬೇಳೆ ಇಟ್ಟು ಅಕ್ಕನಿಗೆ ಫೋನು ಮಾಡಿ, ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.